ಸೋರೋ ನಲ್ಲಿ

ಪಾನಕ್ಕನಿಗೆ ಒಂದು ಮನೆಯಿಂದ ಬರಬೇಕಾದ ಅರ್ಧ ಕೂಲಿ ಇನ್ನೂ ಬಂದಿಲ್ಲ. ಸದಾ ನಟ್ಟು ಬಿಗಿಯುವ ಪಾನ ಹಿಡಿದು ತಿರುಗುವ ಈ ನಲ್ಲಿ ಕೆಲಸದವಳಿಗೆ ಓಣಿಯವರು ಇಟ್ಟ ಹೆಸರು ಅದು. ಹಿಂದಿನ ವರ್ಷ ಆ ಮನೆಯಲ್ಲಿ ಗೀಸರ್ ಕೂರಿಸಿದ್ದಳು. ನೀರು ಕಾದು ಒತ್ತಡ ಏರಿದಾಗ ಅದರ ಸೇಫ್ಟಿ ವಾಲ್ವ್ ಒಂದೊಂದೇ ಹನಿ ಉಗುಳಬೇಕು, ಅದು ಇರೋದೇ ಅದಕ್ಕೆ. ಮನೆಯ ಯಜಮಾನ ಮಾತ್ರ ಅದನ್ನು ಸೋರೋ ನಲ್ಲಿ ಅಂತ ಕರೆದ. ಸೋರುವ ಕೆಲಸಕ್ಕೆ ಯಾವ ಬಾಯಲ್ಲಿ ಪೂರ್ತಿ ದುಡ್ಡು ಕೇಳ್ತೀಯ ಅಂದ. ಉಚ್ಚೆ ಕಟ್ಟಿಕೊಂಡು ನೀವೆಷ್ಟು ಹೊತ್ತು ಇರ್ತೀರಿ ಯಜಮಾನ್ರೇ ಅಂತ ಕೇಳಿಯೇ ಅವಳು ಮೆಟ್ಟಿಲಿಳಿದಿದ್ದಳು.

ಈಗ ಅದೇ ಮನೆಯಿಂದ ಫೋನು. ಗೀಸರ್ ಯಾಕೋ ಗೊರಗೊರ ಅಂತಿದೆ, ಹೊಸದು ತಂದಾಗಿದೆ, ಬೇಗ ಬಂದು ಬದಲಾಯಿಸು. ಹಳೇ ಬಾಕಿಯ ಬಗ್ಗೆ ಚಕಾರವಿಲ್ಲ. ಬರಲ್ಲ ಅನ್ನಲು ಬಾಯಿ ತೆರೆದವಳಿಗೆ ಆ ಕಡೆಯಿಂದ ಹಸುಗೂಸಿನ ಅಳು ಕೇಳಿಸಿತು. ಬೈದುಕೊಂಡೇ ಚೀಲ ಹೆಗಲಿಗೇರಿಸಿದಳು.

ಯಜಮಾನ ಬಾಗಿಲಲ್ಲೇ ಅವಸರ ಹಚ್ಚಿದ. ಹಳೇದನ್ನು ಬಿಚ್ಚಿದ ಮೇಲೆ ಬಿಸಿನೀರಿಗೆ ತತ್ವಾರ ಆಗಬಾರದು ಅಂತ ಬೆಳಗಿನಿಂದ ಅದನ್ನು ಆರಿಸಿಯೇ ಇಲ್ಲವಂತೆ. ಸೊಸೆ ಕೊನೇ ಬಕೆಟ್ ಹಿಡೀತಿದ್ದಾಳೆ, ಮೊಮ್ಮಗನ ಸ್ನಾನ ಆಗಲಿ, ಆಮೇಲೆ ನೀನು ಶುರು ಮಾಡು ಅಂದ.

ಆರಿಸಿಯೇ ಇಲ್ಲ ಅನ್ನೋದು ಕಿವಿಗೆ ಬಿದ್ದದ್ದೇ ತಡ, ಪಾನಕ್ಕ ಅವನನ್ನು ಆಚೆ ಸರಿಸಿ ಬಚ್ಚಲಿಗೆ ಓಡಿದಳು. ಸೊಸೆಯ ಕಂಕುಳಲ್ಲಿ ಮಗು, ಇನ್ನೊಂದು ಕೈ ನಲ್ಲಿಯ ಮೇಲೆ. ತಲೆ ಮೇಲಿನ ಗೀಸರಿನ ಹೊಟ್ಟೆ ಉಬ್ಬಿತ್ತು, ಒಳಗೆ ಕಲ್ಲು ಹೊರಳಿದಂಥ ಸದ್ದು. ಸೇಫ್ಟಿ ವಾಲ್ವಿನ ಬಾಯಿಗೆ ಮರದ ಬೆಣೆ ಬಡಿದು, ಸುತ್ತ ಅಂಟು ಮೆತ್ತಲಾಗಿತ್ತು.

"ನಲ್ಲಿ ಮುಟ್ಬೇಡ ತಾಯಿ, ಸುಡೋ ಹಬೆ ನುಗ್ಗುತ್ತೆ. ಮಗೂನ ಹಿಡ್ಕೊಂಡು ಹೊರಗೆ ಬಾ."

ಸೊಸೆ ಹಿಂದೆಯೇ ಬಂದಿದ್ದ ಮಾವನ ಮುಖ ನೋಡಿದಳು.

"ಅಲ್ಲೇನು ನೋಡ್ತೀಯ? ಟ್ಯಾಂಕು ಸಿಡಿಯುತ್ತೆ, ಬಾ ಅಂದೆ."

ಮೇನ್ ಸ್ವಿಚ್ ಎಳೆದು ಎಲ್ಲರನ್ನೂ ಬೀದಿಗೆ ಹೊರಡಿಸಿದಳು. ಬಚ್ಚಲ ಕಿಟಕಿಯಿಂದ ಗೊರಗೊರ ಇನ್ನೂ ಕೇಳುತ್ತಿತ್ತು. ಮಗು ಚೀರುತ್ತಿದ್ದರೂ ಎಲ್ಲರ ಕಿವಿ ಆ ಕಿಟಕಿಯ ಕಡೆಗೇ. ಬೆಣೆ ಹೊಡೆದವರು ಯಾರು ಅಂತ ಪಾನಕ್ಕ ಕೇಳಿದಳು. ಯಜಮಾನ ಚಪ್ಪಲಿ ನೋಡಿಕೊಂಡ.

"ಸೋರ್ತಿತ್ತಲ್ಲ. ನಾನೇ ಹೊಡೆದೆ."

ಸೊಸೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಮಾವನಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಳು.

ಸದ್ದಡಗಿ ಟ್ಯಾಂಕು ತಣ್ಣಗಾಗುವವರೆಗೆ ಪಾನಕ್ಕ ಯಾರನ್ನೂ ಒಳಗೆ ಬಿಡಲಿಲ್ಲ. ಯಜಮಾನ ಗಡಿಯಾರ ನೋಡಿ ಗೊಣಗಿದ. ಬೇಗ ಬೇಕಾದರೆ ನೀವೇ ಹೋಗಿ ಬಿಚ್ಚಿ ಅಂದಳು. ಅವನು ಕದಲಲಿಲ್ಲ. ಆಮೇಲೆ ಹಳೇದನ್ನು ಇಳಿಸಿ ಹೊಸದನ್ನು ಕೂರಿಸಿದಳು, ವಾಲ್ವಿನ ಬಾಯಿಗೆ ಪೈಪು ಹಾಕಿ ಬಚ್ಚಲ ಮೋರಿಗೆ ಬಿಟ್ಟಳು. ನೀರು ಕಾದಂತೆ ಪೈಪಿನ ತುದಿಯಲ್ಲಿ ಒಂದು ಹನಿ ಕಾಣಿಸಿತು. ಯಜಮಾನ ಬಗ್ಗಿ ನೋಡಿದ. ಇದೂ ಸೋರುತ್ತಲ್ಲ ಅಂದ.

"ಸೋರ್ಲಿ ಮಾವ," ಅಂದಳು ಸೊಸೆ.

ಪಾನಕ್ಕ ಹಳೇ ಬಾಕಿ, ಇವತ್ತಿನ ಕೂಲಿ ಕೇಳಿದರೆ, ಎರಡೂ ಸೇರಿಸಿ ಆಮೇಲೆ ನೋಡೋಣ ಅಂದ ಯಜಮಾನ. ಆ ಆಮೇಲೆ ಇನ್ನೂ ಆಗಿಲ್ಲ.

ಓದ್ತಾ ಕೂತಿದ್ದೀರಲ್ಲ, ಎದ್ದು ನಿಮ್ಮ ಬಚ್ಚಲಿಗೆ ಹೋಗಿ ನೋಡಿ. ಗೀಸರ್ ವಾಲ್ವಿನ ಆ ಬಾಯಿ ಮುಚ್ಚಿದ್ದರೆ ಕೂಡಲೇ ಸ್ವಿಚ್ ಆರಿಸಿ, ಕೆಲಸ ಬಲ್ಲವರನ್ನು ಕರೆಸಿ. ಅವರು ಪಾನವನ್ನು ಚೀಲಕ್ಕೆ ಹಾಕುವ ಮುಂಚೆ ಕೂಲಿ ಕೈಗಿಡಿ. ಪೂರ್ತಿ.