ಬಿದರಿ ಬಟ್ಟಲಿನ ಫಟಫಟಿ

ಬೀದರದ ಗಾಂಧಿ ಗಂಜ್ ಮಾರುಕಟ್ಟೆಯ ಅಡತಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ, ತೊಗರಿ ಚೀಲಗಳ ಹಿಂದೆ, ಆ ಮೋಟರ್ ಸೈಕಲ್ಲು ಎಷ್ಟೋ ವರ್ಷ ಗೋಡೆಗೆ ಒರಗಿ ನಿಂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಸಿಕಂದರಾಬಾದಿನಲ್ಲಿ ಹರಾಜು ಹಾಕಿದ್ದ ಗಾಡಿಯಂತೆ. ಆ ವ್ಯಾಪಾರಿಯ ಎತ್ತೊಂದನ್ನು ನನ್ನ ಗಂಡ ಬದುಕಿಸಿಕೊಟ್ಟಿದ್ದರು. ಆ ಖುಷಿಗೆ, "ಒಯ್ರಿ ಡಾಕ್ಟ್ರೇ, ನಮ್ಮ ಕೋಳಿ ಬ್ಯಾರೆ ಜಾಗಾ ನೋಡ್ಕೋತಾವ," ಎಂದು ಕೊಟ್ಟೇಬಿಟ್ಟರು. ಇಬ್ಬರು ಹಮಾಲರು ಕೈಗಾಡಿಯ ಮೇಲೆ ಹೇರಿಕೊಂಡು ಬಂದು ನಮ್ಮ ಅಂಗಳದಲ್ಲಿ ಇಳಿಸಿದಾಗ ಹ್ಯಾಂಡಲಿಗೆ ಇನ್ನೂ ಪುಕ್ಕ ಅಂಟಿತ್ತು.

ಅತ್ತೆ ಅದರ ಸುತ್ತ ಒಂದು ಸುತ್ತು ಹಾಕಿದರು. "ದನಾ ಸಾಲಲ್ಲಂತ ಈಗ ಕಬ್ಣಕ್ಕೂ ಔಷಧ ಕುಡಸ್ತಿ ಏನಪಾ?"

"ಕುಡಸ್ತೇನವ್ವಾ. ಇದು ಎದ್ದು ನಿಂತ್ರ ನಾವು ಬೀದರದಾಗ ಇರ್ತೇವಿ. ಇಲ್ಲಂದ್ರ ಗಂಟುಮೂಟಿ ಕಟ್ಟೋದು."

ಅದು ತಮಾಷೆಯ ಮಾತಾಗಿರಲಿಲ್ಲ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಜನ ಡಾಕ್ಟರ್ ಎಂದು ಕರೆಯುತ್ತಿದ್ದರೂ ಅವರು ಪಶು ಆಸ್ಪತ್ರೆಯ ಕಂಪೌಂಡರ್. ಹೆಚ್ಚಾದ ನೌಕರರನ್ನು ದಕ್ಷಿಣದ ಜಿಲ್ಲೆಗಳಿಗೆ ಕಳಿಸುತ್ತಾರೆಂದು ಆರ್ಡರ್ ಬಂದಿತ್ತು. ಭಾಲ್ಕಿ ಮತ್ತು ಔರಾದ ಎರಡೂ ತಾಲೂಕು ತಿರುಗುವ ಒಂದೇ ಒಂದು ಹುದ್ದೆ ಉಳಿದಿತ್ತು. ಅದು ಸ್ವಂತ ವಾಹನ ಇದ್ದವರಿಗೆ ಮಾತ್ರ. ಮೂರು ವಾರದ ನಂತರ, ಸಂತೆಯ ದಿನ, ಇಲಾಖೆಯ ಹೊಸ ಸಾಹೇಬರು ಔರಾದಕ್ಕೆ ಬಂದು ವಾಹನವನ್ನು ಕಣ್ಣಾರೆ ನೋಡುವವರಿದ್ದರು. ನನ್ನವರಿಗೆ ಬೇರೆ ಊರಿನ ಭಯವಿರಲಿಲ್ಲ. ಆದರೆ ಇಲ್ಲಿಯ ದೇವಣಿ ತಳಿಯ ದನಗಳನ್ನು ಅವರು ಒಂದೊಂದಾಗಿ ಬಲ್ಲವರು. ಯಾವ ಊರಿನ ಯಾವ ಹೋರಿ ಒದೆಯುತ್ತದೆ ಎಂಬುದೂ ಬಾಯಿಪಾಠ. ಆ ನಾಲೆಜ್ ಎಲ್ಲ ಬಿಟ್ಟುಹೋಗಬೇಕಲ್ಲ ಎಂಬ ಸಂಕಟ ಅವರದು.

ನಾನು ಆಗ ಹೊಸ ಸೊಸೆ. ಹೈದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕ್ರೋಶೆ ಕಲಿಸಿದ್ದರು, ಹಿಮ್ಸ್ ಹಾಡಲು ಕಲಿಸಿದ್ದರು, ಟೇಬಲ್ ಮ್ಯಾನರ್ಸ್ ಕಲಿಸಿದ್ದರು. ಬೀದರಕ್ಕೆ ಬಂದಮೇಲೆ ಅವು ಯಾವುದಕ್ಕೂ ಗಿರಾಕಿ ಇರಲಿಲ್ಲ. ಆದರೆ ಗಾಡಿಯ ಜೊತೆಗಿದ್ದ ತಗಡಿನ ಡಬ್ಬಿಯಲ್ಲಿ ಒಂದು ಇಂಗ್ಲಿಷ್ ಮ್ಯಾನ್ಯುಅಲ್ ಸಿಕ್ಕಿತು. ನನ್ನವರು ಓದಿದ್ದು ಉರ್ದು. ಹಾಗಾಗಿ ದಿನಾ ಸಂಜೆ ನಾನು ಕಟ್ಟೆಯ ಮೇಲೆ ಕುಳಿತು ಓದಬೇಕು, ಅರ್ಥ ಹೇಳಬೇಕು. ಅವರು ಕೌದಿ ಹಾಸಿಕೊಂಡು ಗಾಡಿ ಬಿಚ್ಚಬೇಕು.

ಐ ಮಸ್ಟ್ ಸೇ, ಆ ಮನುಷ್ಯನ ಕೈ ನೋಡಿ ನಾನು ಬೆರಗಾದದ್ದು ಆಗಲೇ. ಬಿಚ್ಚಿದ ಒಂದೊಂದು ನಟ್ಟನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದರು. ಜಂಗು ಹಿಡಿದ ಬೋಲ್ಟು ಬರದಿದ್ದರೆ ಹೊಡೆಯುತ್ತಿರಲಿಲ್ಲ. ಎಣ್ಣೆ ಬಿಟ್ಟು, "ಇರಲಿ, ನಾಳಿಗಿ ಅದ ತಾನೇ ಮನಸ್ ಮಾಡ್ತದ," ಅನ್ನುತ್ತಿದ್ದರು. ಕಿಡಿ ಹಾರಿಸುವ ಪಾಯಿಂಟುಗಳ ನಡುವೆ ಇಂಚಿನ ಸಾವಿರ ಭಾಗದಲ್ಲಿ ಹನ್ನೆರಡರಷ್ಟು ಸಂದು ಇರಬೇಕು ಎಂದು ನಾನು ಓದಿದೆ. ಅಷ್ಟನ್ನು ಅಳೆಯುವುದು ಯಾವುದರಿಂದ? ಅವರು ಒಳಗೆ ಹೋಗಿ ನನ್ನ ಅಪ್ಪ ಬರೆದಿದ್ದ ಪೋಸ್ಟ್ ಕಾರ್ಡು ತಂದು ಸಂದಿಯಲ್ಲಿ ತೂರಿಸಿದರು.

"ಅಯ್ಯೋ, ಅಪ್ಪನ ಕಾರ್ಡ್ ರೀ ಅದು!"

"ನಿಮ್ಮಪ್ಪನವ್ರ ಸುದ್ದಿ ಓದಿ ಆಗ್ಯದ. ಈಗ ದಪ್ಪ ನೋಡ್ತೇನಿ."

ಅತ್ತೆಯವರೂ ಎಷ್ಟು ದಿನ ದೂರ ಕೂತಾರು? ಪೆಟ್ರೋಲ್ ಟ್ಯಾಂಕಿನೊಳಗೆ ಜಂಗು ತುಂಬಿತ್ತು. ಮ್ಯಾನ್ಯುಅಲ್ಲಿನಲ್ಲಿ ಅದಕ್ಕೆ ಉಪಾಯವಿರಲಿಲ್ಲ. ಅತ್ತೆ ಹುಣಸೆನೀರು ಕುದಿಸಿ ಒಳಗೆ ಸುರಿದು, ಎರಡು ಮುಷ್ಟಿ ಸಣ್ಣ ಹರಳು ಹಾಕಿ, ಬಾಯಿಗೆ ಬಟ್ಟೆ ತುರುಕಿ, ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಕೂಸು ತೂಗಿದಂತೆ ಎರಡು ದಿನ ತೂಗಿದರು. ಒಳಗೆಲ್ಲ ತಿಕ್ಕಿದ ತಂಬಿಗೆಯ ಹಾಗೆ ಹೊಳೆಯಿತು.

ಕೊನೆಗೆ ಉಳಿದದ್ದು ಒಂದೇ ಭಾಗ. ಇಂಜಿನ್ನಿಗೆ ಹೋಗುವ ಮೊದಲು ಪೆಟ್ರೋಲು ಒಂದು ಗಳಿಗೆ ನಿಲ್ಲುವ, ಕಾರ್ಬೊರೇಟರಿನ ಪುಟ್ಟ ಬಟ್ಟಲು. ಅದು ಸೀಳಿ ಎರಡು ಹೋಳಾಗಿತ್ತು. ಹೈದರಾಬಾದಿಗೆ ಬರೆದು ಕೇಳಿದರೆ ಆ ಮಾದರಿಯ ಸಾಮಾನು ಇಲ್ಲವೆಂದು ಉತ್ತರ ಬಂತು. ಸಾಹೇಬರು ಬರಲು ಇನ್ನು ಎಂಟೇ ದಿನ.

ಹೋಳನ್ನು ಕೈಯಲ್ಲಿ ಹಿಡಿದು ನೋಡುತ್ತ ನನ್ನವರು ಥಟ್ಟನೆ ಎದ್ದರು. "ಇದು ಜಸ್ತಾ ಅದ. ನಮ್ಮ ಚಾಚಾ ದಿನಾ ಕರಗಸೋದೂ ಇದೇ ಅಲ್ಲೇನು?"

ಚಾಚಾ ಅಂದರೆ ನಮ್ಮ ಓಣಿಯ ತಿರುವಿನಲ್ಲಿದ್ದ ಬಿದರಿ ಕೆಲಸದ ಮುದುಕರು. ಆ ಜಸ್ತಾ ಎಂಬ ಸತುವಿಗೆ ಚೂರು ತಾಮ್ರ ಬೆರೆಸಿ, ಮರಳಿನ ಅಚ್ಚಿನಲ್ಲಿ ಹೂಜಿ, ಹುಕ್ಕಾ, ಪಾನದಾನ ಎರಕ ಹೊಯ್ಯುವವರು. ಹೋಳುಗಳನ್ನು ಅರಗಿನಿಂದ ಅಂಟಿಸಿ, ಅದನ್ನೇ ಮಾದರಿ ಮಾಡಿಕೊಂಡು ಎರಕ ಹೊಯ್ದರು. ನಾಲ್ಕನೆಯ ದಿನ ಮಖಮಲ್ಲಿನ ಚೂರಿನಲ್ಲಿ ಸುತ್ತಿ ತಂದುಕೊಟ್ಟರು.

ಬಿಚ್ಚಿ ನೋಡಿದರೆ ಬಟ್ಟಲು, ಎಲ್ಲ ಬಿದರಿ ಸಾಮಾನಿನಂತೆ, ಕೋಟೆಯ ಮಣ್ಣಿನ ನೀರಿನಲ್ಲಿ ಕುದ್ದು ಕಪ್ಪಾಗಿತ್ತು. ಸುತ್ತಲೂ ಬೆಳ್ಳಿಯ ಬಳ್ಳಿ, ಎಲೆ, ಒಂದು ಹೂವು. ಬ್ಯೂಟಿಫುಲ್! ನಾವು ಮೂವರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಕೂರಿಸಿ ಪೆಟ್ರೋಲು ಬಿಟ್ಟದ್ದೇ, ಒಂದು ಎಲೆಯ ತುದಿಯಿಂದ ಹನಿ ಹನಿಯಾಗಿ ಸೋರತೊಡಗಿತು. ಬೆಳ್ಳಿ ಕೂರಿಸಲು ಉಳಿ ಹೊಡೆದಲ್ಲಿ ತೆಳ್ಳನೆಯ ಗೋಡೆ ತೂತಾಗಿತ್ತು.

ಚಾಚಾ ಬಂದು ಬಗ್ಗಿ ನೋಡಿದರು. "ಹುಕ್ಕಾ ಆಗಿದ್ರ ಇದು ನೂರು ವರ್ಷ ಸೋರ್ತಿರಲಿಲ್ಲ ನೋಡು ಬೇಟಾ."

"ಚಾಚಾ, ಇದಕ್ಕ ಹೂವು ಯಾರು ಹೇಳಿದ್ರು ನಿಮಗ?"

"ಅರೆ, ಸರಕಾರಿ ಸಾಹೇಬ್ರು ನೋಡೋ ಸಾಮಾನ! ಬೋಳಾ ಹ್ಯಾಂಗ ಕೊಡ್ಲಿ? ಬೀದರ್ ಕಿ ಇಜ್ಜತ್ ಕಾ ಸವಾಲ್! ನಮ್ಮೂರ ಮರ್ಯಾದಿ!"

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ನನ್ನವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಈ ಸಲ ಬೋಳಾನೇ ಇರಲಿ ಚಾಚಾ. ಸ್ವಲ್ಪ ದಪ್ಪ ಇರಲಿ," ಎಂದಷ್ಟೇ ಹೇಳಿದರು. ಮುದುಕರು ಇನ್ನೆರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಉಳಿ ಹಿಡಿದ ಕೈಯನ್ನು ಹಾಗೆ ತಡೆದುಕೊಳ್ಳುವುದು ಅವರಿಗೆ ಎಷ್ಟು ಕಷ್ಟವಾಗಿತ್ತೋ, ಈಗ ನೆನೆದರೆ ಮನಸ್ಸು ತುಂಬಿಬರುತ್ತದೆ.

ಎರಡನೆಯ ಬಟ್ಟಲು ಬಂದಾಗ ಅತ್ತೆ, "ಮೊದಲ ನಂಗ ಕೊಡ್ರಿ," ಎಂದು ಇಸಿದುಕೊಂಡರು. ತಮ್ಮ ಎಲೆಅಡಿಕೆ ಡಬ್ಬಿಯ ಸುಣ್ಣವನ್ನು ಹೊರಗೆಲ್ಲ ತೆಳ್ಳಗೆ ಬಳಿದು, ಒಣಗಿಸಿ, ಒಳಗೆ ಸೀಮೆಎಣ್ಣೆ ತುಂಬಿ ಬಿಸಿಲಿಗಿಟ್ಟರು. ಕಂದೀಲಿನ ತೂತು ಹುಡುಕುವುದು ಹಾಗೆಯೇ ಅಂತೆ. ಎಲ್ಲಿ ಎಣ್ಣೆ ಒಸರಿದರೂ ಸುಣ್ಣ ಒದ್ದೆಯಾಗುತ್ತದೆ. ಸಂಜೆಯವರೆಗೆ ಸುಣ್ಣ ಬೆಳ್ಳಗೇ ಇತ್ತು.

ಬಟ್ಟಲು ಕೂರಿಸಿ ಕಿಕ್ ಹೊಡೆದರೆ ಗಾಡಿ ಫಟಫಟ ಎಂದು ಎದ್ದಿತು; ಹತ್ತಿರದ ಹಳ್ಳಿ ಕಮಠಾಣದವರೆಗೆ ಒಂದು ಟ್ರಯಲ್ ಆಯಿತು. ಮರುದಿನ ಬೆಳಿಗ್ಗೆ ಔರಾದಕ್ಕೆ ಹೊರಟಾಗ ಅತ್ತೆ ನನ್ನ ಕೈಗೆ ಮ್ಯಾನ್ಯುಅಲ್ ಕೊಟ್ಟರು. "ನೀನೂ ಕೂಡು. ಹಾದ್ಯಾಗ ನಿಂತ್ರ ಇಂಗ್ಲಿಷ್ ಓದವ್ರು ಯಾರು, ಆ ಬೇವಿನಮರಾ?" ಹೊಸ ಸೊಸೆ ಹಗಲಲ್ಲೇ ಗಂಡನ ಬೆನ್ನಿಗೆ ಕೂತು ಫಟಫಟಿಯಲ್ಲಿ ಹೋದದ್ದು ಓಣಿಗೆಲ್ಲ ಸುದ್ದಿಯಾಯಿತು. ಲೆಟ್ ದೆಮ್ ಟಾಕ್, ಅಂದುಕೊಂಡೆ.

ಔರಾದದ ದವಾಖಾನೆಯ ಮುಂದೆ ಸಾಹೇಬರು ನಿಂತಿದ್ದರು. ಮೈಸೂರು ಕಡೆಯವರು, ಮೆತ್ತಗಿನ ಮಾತು. ಗಾಡಿಯ ಸುತ್ತ ಬಂದು, ಬಟ್ಟಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. "ಇದು ಕಂಪನಿ ಸಾಮಾನು ಅಲ್ವಲ್ಲ?"

ಕಂಪನಿಯದೇ ಎಂದುಬಿಡಲಿ ದೇವರೇ ಎಂದು ನಾನು ಒಳಗೊಳಗೇ ಪ್ರೇಯರ್ ಮಾಡಿದೆ. ನನ್ನವರು, "ಅಲ್ಲ ರೀ ಸಾಹೇಬ್ರ. ನಮ್ಮ ಓಣಿ ಬಿದರಿ ಚಾಚಾ ಹೊಯ್ದು ಕೊಟ್ಟಾರ," ಎಂದರು. ಮೊದಲನೆಯದು ಸೋರಿದ್ದು, ಸುಣ್ಣ ಬಳಿದದ್ದು, ಒಂದೂ ಮುಚ್ಚಿಡಲಿಲ್ಲ.

ಸಾಹೇಬರು ಬಟ್ಟಲಿನ ಅಡಿಗೆ ಬೆರಳು ಸವರಿ, ಮೂಸಿ ನೋಡಿದರು. ಆಮೇಲೆ ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, "ನಡೀರಿ, ನಾನೂ ಹತ್ತಿ ನೋಡ್ತೀನಿ," ಎಂದು ಹಿಂದೆ ಕೂತೇಬಿಟ್ಟರು. ಇಬ್ಬರೂ ಭಾಲ್ಕಿ ದಾರಿ ಹಿಡಿದು ಹೋದರು. ನಾನು ಪರರ ಟೋಪಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತೆ. ಸದ್ದು ಕೇಳದಾಯಿತು. ಎಷ್ಟೋ ಹೊತ್ತಾದ ಮೇಲೆ ಮತ್ತೆ ಕೇಳಿತು. ಸಾಹೇಬರ ಕೂದಲೆಲ್ಲ ಕೆಂಪು ಧೂಳು, ಮುಖದ ತುಂಬ ನಗು. "ಇನ್ನೊಂದು ಬಟ್ಟಲು ಮಾಡಿಸಿ ಚೀಲದಲ್ಲಿ ಇಟ್ಕೊಳ್ಳಿ. ಎರಡೂ ತಾಲೂಕು ನಿಮ್ಮದೇ," ಎಂದು ಸೀಟಿನ ಮೇಲೆಯೇ ಕಾಗದವಿಟ್ಟು ಸೈನ್ ಮಾಡಿದರು.

ನನ್ನವರು ಆ ಕಾಗದವನ್ನು ಓದಿಸಿಕೊಳ್ಳಲೂ ಇಲ್ಲ. ಬೇಲಿಯ ಹತ್ತಿರ ಒಬ್ಬ ರೈತ ಬೆಳಗಿನಿಂದ ಒಂದು ಆಕಳು ಹಿಡಿದುಕೊಂಡು ಕಾಯುತ್ತಿದ್ದ. ಕಾಗದ ನನಗೆ ಕೊಟ್ಟು, ತೊಟ್ಟಿಯಲ್ಲಿ ಪೆಟ್ರೋಲು ವಾಸನೆಯ ಕೈಗಳನ್ನು ಮೂರು ಸಲ ತೊಳೆದು, ಅಂಗಿಯ ತೋಳು ಮಡಚಿದರು.

"ಯಾವಾಗಿಂದ ಮೇವು ಬಿಟ್ಟದ ಇದು?" ಎನ್ನುತ್ತ ಅದರ ಹೊಟ್ಟೆಗೆ ಕಿವಿ ಹಚ್ಚಿದರು.