ಮಾಮಿ ನಿಲ್ಲಿಸಿದ ಫ್ಯಾನು

ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಕರೆಂಟು ಉಳಿತಾಯದ ಬಗ್ಗೆ ಮಾತಾಡಲು ಕರೆದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಪಾಠ ಮಾಡುವವನು ನಾನು, ಇಂಥ ವಿಷಯ ಸಿಕ್ಕಿದರೆ ಬಿಡುವವನಲ್ಲ. ಕೊರೋನಾ ಮುಗಿದಿತ್ತು. ಆದರೆ ಮನೆಯಲ್ಲೇ ಕೂತು ಕೆಲಸ ಮಾಡುವ ರೂಢಿ ಹಲವರಲ್ಲಿ ಉಳಿದುಬಿಟ್ಟಿತ್ತು, ಬಿಲ್ಲುಗಳೂ ಇಳಿದಿರಲಿಲ್ಲ. ಹಾಗಾಗಿ ಅತಿ ಕಡಿಮೆ ಕರೆಂಟು ಬಳಸಿದ ಮನೆಗೊಂದು ಬಹುಮಾನ ಎಂದು ಸಂಘ ಮೊದಲೇ ಸಾರಿತ್ತು. ಆ ಬಹುಮಾನ ನಮ್ಮ ಮನೆಗೇ ಬಂತು.

ಅದು ನನ್ನ ಹೆಂಡತಿಯ ಅಮ್ಮನಿಂದ ಬಂದದ್ದು. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ. ಮಾಮಿ ಕಾರ್ಕಳದಲ್ಲಿ ಮಗನ ಸಂಸಾರದ ಜೊತೆ ಇದ್ದವರು. ಮೊಮ್ಮಗಳನ್ನು ನೋಡಲೆಂದು ಹದಿನೈದು ದಿನಕ್ಕೆ ನಮ್ಮಲ್ಲಿಗೆ ಬಂದಾಗಲೇ ಲಾಕ್‌ಡೌನ್ ಆಯಿತು. ಆಮೇಲೆ ನಾವಿಬ್ಬರೂ ಕೆಲಸಕ್ಕೆ ಮರಳಿದಾಗ ಮಗುವನ್ನು ನೋಡಿಕೊಳ್ಳಲು ಜನ ಬೇಕಾಯಿತು. ಮಾಮಿ ಉಳಿದರು.

ಸಭೆ ನಡೆದದ್ದು ಕೆಳಗಿನ ಪಾರ್ಕಿಂಗ್ ಜಾಗದಲ್ಲಿ, ಒಂದು ಭಾನುವಾರ ಸಂಜೆ. ನಾನು ಅರ್ಧ ಗಂಟೆ ಮಾತಾಡಿದೆ. ಜನ ಕರೆಂಟು ಉಳಿಸುವುದು ಬಿಲ್ಲಿನ ಹೆದರಿಕೆಯಿಂದಲ್ಲ, ತಿಳಿವಳಿಕೆಯಿಂದ ಎಂದೆ. ಕೊರೋನಾ ನಮಗೆಲ್ಲ ಸರಳವಾಗಿ ಬದುಕಲು ಕಲಿಸಿತು ಎಂದೂ ಸೇರಿಸಿದೆ. "ಉದಾಹರಣೆ ಬೇಕಿದ್ದರೆ ನಮ್ಮ ಮಾಮಿಯನ್ನೇ ನೋಡಿ. ನಡು ಬೇಸಗೆಯಲ್ಲೂ ಫ್ಯಾನ್ ಹಾಕುವುದಿಲ್ಲ. ಗೀಸರ್ ಮುಟ್ಟುವುದಿಲ್ಲ."

ಅಧ್ಯಕ್ಷರು ಮೈಕನ್ನು ಮಾಮಿಯ ಕೈಗೆ ಕೊಟ್ಟರು. "ನೀವೇ ಹೇಳಿ ಅಮ್ಮ, ಇದೆಲ್ಲ ಹೇಗೆ ರೂಢಿಯಾಯಿತು?"

ಮಾಮಿ ಸೆರಗು ಸರಿಮಾಡಿಕೊಂಡು ನಿಂತರು. "ನಂಗೆ ಎಂತ ಗೊತ್ತುಂಟು! ಲಾಕ್‌ಡೌನಿನಲ್ಲಿ ಒಮ್ಮೆ ಎರಡು ತಿಂಗಳ ಬಿಲ್ ಒಟ್ಟಿಗೆ ಬಂದಿತ್ತು. ಅಳಿಯನಿಗೆ ಬೇಜಾರಾಯಿತು, ಎರಡು ಮಾತು ಹೇಳಿದರು. ಮಗಳ ಮನೆಯಲ್ಲಿ ಕೂತು ನಾವು ಭಾರ ಆಗಬಾರದಲ್ವಾ? ಅವತ್ತಿನಿಂದ ನೋಡಿಕೊಂಡು ಹಾಕುವುದು, ಅಷ್ಟೆ."

ಅವರ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ಯಾರೋ ಹಿಂದಿನಿಂದ, "ಅಳಿಯ ಸ್ಟ್ರಿಕ್ಟ್ ಮಾರಾಯ!" ಎಂದರು. ನಾನೂ ನಕ್ಕಂತೆ ಮಾಡಿದೆ. ಹೆಂಡತಿ ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

ಆ ಬಿಲ್ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮೇ ತಿಂಗಳ ಸೆಕೆ. ನಾನು ಬೆಡ್‌ರೂಮಿನಲ್ಲಿ ಎಸಿ ಹಾಕಿಕೊಂಡು ಆನ್‌ಲೈನ್ ಪಾಠ ಮುಗಿಸಿ ಹೊರಗೆ ಬಂದಿದ್ದೆ. ಹಾಲ್‌ನಲ್ಲಿ ಮಾಮಿ ಫ್ಯಾನ್ ಕೆಳಗೆ ಕೂತು, ಟಿವಿ ನೋಡುತ್ತ ಅಲಸಂಡೆ ಮುರಿಯುತ್ತಿದ್ದರು. ಮೊಬೈಲಿನಲ್ಲಿ ಬಂದ ಬಿಲ್ ನೋಡಿ ನನಗೆ ರೇಗಿತು. "ಇಡೀ ದಿನ ಕೂತಲ್ಲೇ ಫ್ಯಾನ್, ಕೂತಲ್ಲೇ ಟಿವಿ. ಇದೇನು ಛತ್ರವಾ?" ಎಂದೆ. ಗೋಡೆಯ ಕಡೆ ನೋಡಿ ಹೇಳಿದೆ. ಆದರೆ ಆಗ ಹಾಲ್‌ನಲ್ಲಿ ಇದ್ದವರು ಮಾಮಿ ಒಬ್ಬರೇ.

ಮರುದಿನ ಅವರು ಬಾಲ್ಕನಿಯಲ್ಲಿ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಕೂತಿದ್ದರು. ಕೇಳಿದ್ದಕ್ಕೆ, "ನಂಗೆ ಫ್ಯಾನಿನ ಗಾಳಿ ಆಗುವುದಿಲ್ಲ, ಮೈಕೈ ನೋವು ಬರ್ತದೆ" ಎಂದರು. ನಾನು ನಂಬಿದೆ. ನಂಬುವುದು ಸುಲಭವಾಗಿತ್ತು. ಮುಂದಿನ ತಿಂಗಳು ಬಿಲ್ ಇಳಿದಾಗ ಖುಷಿಪಟ್ಟೆ ಕೂಡ.

ಸಭೆಯಿಂದ ಮನೆಗೆ ಬಂದ ಮೇಲೆ ಹೆಂಡತಿಯ ಮುಖ ನೋಡಲಾಗಲಿಲ್ಲ. ಅವಳೇ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. "ನೀವು ಅವತ್ತು ಹೇಳಿದ್ದು ನನಗೂ ಕೇಳಿತ್ತು. ಒಳಗಿದ್ದೆ. ಹೊರಗೆ ಬಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ."

ನಾನು ಮಾಮಿಯ ಹತ್ತಿರ ಹೋದೆ. "ಮಾಮಿ, ಅವತ್ತು ನಾನು ನಿಮಗೆ ಹೇಳಿದ್ದಲ್ಲ. ಸುಮ್ಮನೆ ಬಿಲ್ಲಿನ ಸಿಟ್ಟು."

"ಅಯ್ಯೋ, ಅದು ಯಾವ ಕಾಲದ ಮಾತು! ಬಿಡಿ" ಎಂದರು. ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ಕ್ಷಮೆ ಕೇಳಲು ಹೋಗಿ ಇನ್ನೊಂದು ಸುಳ್ಳು ಹೇಳಿದ್ದೆ.

ಕೆಲವು ವಾರ ಕಳೆದು ಮಾಮಿ ನಾಲ್ಕು ದಿನದ ಮಟ್ಟಿಗೆ ಕಾರ್ಕಳಕ್ಕೆ ಹೋಗಿದ್ದರು. ಕರೆದುಕೊಂಡು ಬರಲು ನಾನೇ ಹೋದೆ. ಹೇಳಿದ್ದಕ್ಕಿಂತ ಬೇಗ ತಲುಪಿದ್ದೆ. ಬಾಗಿಲು ತೆರೆದಿತ್ತು. ಒಳಗೆ ಮಾಮಿ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ್ದರು. ತಲೆಯ ಮೇಲೆ ಫ್ಯಾನು ಅತಿ ಜೋರಿನಲ್ಲಿ ತಿರುಗುತ್ತಿತ್ತು, ಹಣೆಯ ಬಿಳಿಗೂದಲು ಹಾರುತ್ತಿತ್ತು. ಎದುರಿಗೆ ಟಿವಿ ಅದರಷ್ಟಕ್ಕೆ ಓಡುತ್ತಿತ್ತು. ಅವರು ಅಷ್ಟು ನಿರಾಳವಾಗಿ ನಿದ್ದೆ ಮಾಡಿದ್ದನ್ನು ನಮ್ಮ ಮನೆಯಲ್ಲಿ ನಾನು ಒಂದು ದಿನವೂ ನೋಡಿರಲಿಲ್ಲ. ಸದ್ದು ಮಾಡದೆ ಹಿಂದೆ ಸರಿದು, ಅವರು ತಾವಾಗಿ ಏಳುವವರೆಗೆ ಕಾರಿನಲ್ಲಿ ಕೂತೆ.

ಹಿಂತಿರುಗುವಾಗ ಹಿರಿಯಡ್ಕ ದಾಟಿದ ಮೇಲೆ ಬಾಯಿ ಬಿಟ್ಟೆ. "ಮಾಮಿ, ಅವತ್ತು ನಾನು ನಿಮಗೇ ಹೇಳಿದ್ದು. ಬೇರೆ ಯಾರಿಗೂ ಅಲ್ಲ. ನಾನು ಎಸಿಯಲ್ಲಿ ಕೂತು ನಿಮಗೆ ಹಾಗೆ ಹೇಳಿದೆ."

ಅವರು ಕಿಟಕಿಯ ಗಾಜು ಸ್ವಲ್ಪ ಇಳಿಸಿದರು. ಆಮೇಲೆ, "ಗೊತ್ತುಂಟು" ಎಂದರು. ಇನ್ನೊಂದು ಮಾತೂ ಸೇರಿಸಿದರು. "ಬೇಸಗೆಯಲ್ಲಿ ಮಾತ್ರ ಕಷ್ಟ ಆಗ್ತಿತ್ತು. ಮಧ್ಯಾಹ್ನ ಮಗು ಮಲಗಿದ ಮೇಲೆ ನೆಲದಲ್ಲಿ ಒದ್ದೆ ಬಟ್ಟೆ ಹಾಸಿ ಮಲಗುತ್ತಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ಮನೆ ಮುಟ್ಟಿದ ಮೇಲೆ ಹಾಲ್‌ನ ಫ್ಯಾನನ್ನು ನಾನೇ ಹಾಕಿದೆ.

ಈಗ ಮಾಮಿ ಕೇಳದೆಯೇ ಫ್ಯಾನಿನ ಸ್ವಿಚ್ ಹಾಕುತ್ತಾರೆ, ಆದರೆ ನಾನು ಹಾಲ್‌ಗೆ ಬಂದರೆ ಅವರ ಕಣ್ಣು ಒಮ್ಮೆ ನನ್ನ ಮುಖಕ್ಕೆ ಬಂದು ಹೋಗುತ್ತದೆ. ಮರುವರ್ಷವೂ ಸಂಘದವರು ಮಾತಾಡಲು ಕರೆದರು. ಪರೀಕ್ಷೆಯ ಕೆಲಸ ಉಂಟು ಎಂದು ತಪ್ಪಿಸಿಕೊಂಡೆ.