ಲಾವಕ್ಕಿಗೆ ಕಾದ ಹುಲ್ಲು ಮೇಷ್ಟ್ರು

ನೆರೆ ತಡೆಯಲು ಗೋಡೆಯೊಂದೇ ದಾರಿಯೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಹುಲ್ಲನ್ನು ನಂಬಿ, ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ, ಈಗ ನಿವೃತ್ತರಾಗುತ್ತಿರುವ ಹಿರಿಯ ಸಸ್ಯತಜ್ಞರನ್ನು ಇಲಾಖೆಯೆಲ್ಲ ಕರೆಯುವುದು 'ಹುಲ್ಲು ಮೇಷ್ಟ್ರು' ಎಂದೇ. ಹೆಸರಿಟ್ಟವನು ಅಣಕದಲ್ಲಿ ಎತ್ತಿದ ಕೈಯಾದ ನಕ್ಷೆಗಾರ. ಅದನ್ನು ಬಿರುದಿನಂತೆ ಹೊತ್ತವರು ಅವರು. ಇಲ್ಲಿ ಹೇಳುವುದೆಲ್ಲ ನಿಜ; ಸಾಕ್ಷಿಯೂ ಆ ನಕ್ಷೆಗಾರನೇ, ಅಪರಾಧಿಯೂ ಅವನೇ.

ಹೊಳೆದಂಡೆಯ ಪಾಳು ಬಯಲಿನಲ್ಲಿ ಹಿಂದೆ ಇದ್ದ ಹುಲ್ಲನ್ನೇ ಮತ್ತೆ ಬೆಳೆಸಲು ಮೇಷ್ಟ್ರು ರೈಲುಹಳಿಯ ಅಂಚು, ಸ್ಮಶಾನದ ಮೂಲೆಗಳಲ್ಲಿ ಅಳಿದುಳಿದ ಬೀಜವನ್ನು ಕೈಯಾರೆ ಆಯ್ದು ತಂದು ಬಿತ್ತಿದರು. ಜೇಬಿನ ಬೀಜವೆಲ್ಲ ಬಚ್ಚಲಲ್ಲಿ ಮೊಳೆತು, "ಇಲ್ಲಿಗೂ ಒಬ್ಬ ಅಧಿಕಾರೀನ ಹಾಕ್ಸಿ" ಎಂದು ಅವರ ಶ್ರೀಮತಿಯವರು ಗದರುತ್ತಿದ್ದರಂತೆ. ಆದರೆ ಈ ಹುಲ್ಲು ಮೊದಲ ವರ್ಷಗಳಲ್ಲಿ ಬೆಳೆಯುವುದೆಲ್ಲ ಕೆಳಕ್ಕೆ. ಮೇಲೆ ಕಾಣುವುದು ಬಡಕಲು ಗರಿ. ಮೂರನೆಯ ವರ್ಷ ಮೇಲಧಿಕಾರಿಗಳ ಸಮಿತಿ, ನೆಲದಲ್ಲಿ ಗೂಡು ಕಟ್ಟುವ ಒಂದು ಹಕ್ಕಿಯಾದರೂ ಮರಳಿರದಿದ್ದರೆ ಸೋಮವಾರವೇ ಕಾಂಕ್ರೀಟು ಗೋಡೆಗೆ ಮಂಜೂರಾತಿ ಎಂದುಬಿಟ್ಟಿತು.

ಶನಿವಾರ ಮುಂಜಾನೆ ನಕ್ಷೆಗಾರ, ಬೇರು ಅಳೆಯಲು ತೋಡಿದ್ದ ಗುಂಡಿಯಲ್ಲಿ ಅಡಗಿ ಲಾವಕ್ಕಿಯಂತೆ ಕೂಗಿದ. ಮೇಷ್ಟ್ರು ನಿಂತಲ್ಲೇ ಮಂಡಿಯೂರಿ, ಕಣ್ಣೊರೆಸಿಕೊಂಡು, ದಾಖಲೆ ಪುಸ್ತಕದಲ್ಲಿ 'ಲಾವಕ್ಕಿ, ಒಂದು' ಎಂದು ಬರೆದರು. ಎದ್ದು ನಗಬೇಕೆಂದಿದ್ದವನಿಗೆ ಆ ಮುಖ ನೋಡಿ ಏಳಲಾಗಲಿಲ್ಲ.

ಸೋಮವಾರ ಸಭೆಯ ಬಾಗಿಲಲ್ಲೇ ಅವರನ್ನು ಅಡ್ಡಗಟ್ಟಿ, "ಸರ್, ಅದನ್ನ ಓದ್ಬೇಡಿ. ಆ ಹಕ್ಕಿ ನಾನೇ" ಎಂದ.

ಜೊತೆಗಿದ್ದ ಎಂಜಿನಿಯರರು, "ಇರ್ಲಿ ಬಿಡ್ರಿ, ಯಾರಿಗೆ ಗೊತ್ತಾಗತ್ತೆ?" ಎಂದರು.

"ಲಾವಕ್ಕಿಗೆ ಗೊತ್ತಾಗತ್ತಲ್ಲಪ್ಪ" ಎಂದು ಮೇಷ್ಟ್ರು ಅಲ್ಲೇ ಆ ಸಾಲನ್ನು ಹೊಡೆದುಹಾಕಿದರು. ಆಮೇಲೆ ಸಮಿತಿಯನ್ನೇ ಹೊರಗೆ ಕರೆತಂದರು. ಕಚೇರಿಯ ಕತ್ತರಿಸಿದ ಹುಲ್ಲುಹಾಸಿನ ಮೇಲೆ ಸುರಿದ ಒಂದು ಕೊಡ ನೀರು ಅಧ್ಯಕ್ಷರ ಬೂಟಿನೊಳಗೆ ಹೋಯಿತು. ಬಯಲಿನಲ್ಲಿ ಸುರಿದ ಇನ್ನೊಂದು ಕೊಡ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ.

"ಇನ್ನೆರಡು ವರ್ಷ ತಗೊಳ್ಳಿ" ಎಂದರು ಅಧ್ಯಕ್ಷರು, ಕಾಲುಚೀಲ ಹಿಂಡುತ್ತ.

ಮರುವರ್ಷದ ನೆರೆ ಕೆಳಗಿನ ಬೀದಿಯ ಹೊಸ್ತಿಲು ಮುಟ್ಟಲಿಲ್ಲ. ನಕ್ಷೆಗಾರನ ಮೇಲೆ ದೂರು ಬರೆಯುವ ಬದಲು ಮೇಷ್ಟ್ರು ಅವನನ್ನು ಪ್ರತಿ ಭಾನುವಾರ ಬೀಜ ಆಯಲು ಜೊತೆಗೆ ಕರೆದೊಯ್ದರು. ಐದನೆಯ ವರ್ಷ ಒಂದು ಬೆಳಿಗ್ಗೆ ಬಯಲಿನಿಂದ ಅವರ ಫೋನು ಬಂತು.

"ಏ ನಕ್ಷೆ, ಎಲ್ಲಿದೀಯೋ?"

"ಸೀಟಲ್ಲೇ ಇದೀನಿ, ಸರ್."

"ನಿಜ ಹೇಳು!"

"ಆಣೆಗೂ, ಸರ್. ಬೇಕಾದ್ರೆ ಗುಮಾಸ್ತರನ್ನ ಕೇಳಿ."

ಗುಮಾಸ್ತರು ಫೋನು ಇಸಿದುಕೊಂಡು, "ನನ್ನ ಕಣ್ಣೆದುರಿಗೇ ಇದಾನೆ, ಸರ್" ಎಂದ ಮೇಲೆಯೇ ಮೇಷ್ಟ್ರು ಪುಸ್ತಕ ತೆರೆದು ಮತ್ತೆ 'ಲಾವಕ್ಕಿ, ಒಂದು' ಎಂದು ಬರೆದದ್ದು. ಕಚೇರಿಯೆಲ್ಲ ನಕ್ಕಿತು, ಅದನ್ನೂ ಮೀರಿ ಫೋನಿನೊಳಗಿಂದ ಕೇಳಿದ್ದು ಅವರ ನಗು. ಆ ನಗು ನೂರು ಕಾಲ ಮೊಳಗಲಿ. ಬೀಜಕ್ಕಾಗಿ ಕಾದಿರುವ ಬಯಲುಗಳು ಇನ್ನೂ ಎಷ್ಟೋ ಇವೆ, ಅವರ ಕಾಲು ದಣಿಯದಿರಲಿ.